ಕರಪತ್ರದ ಹಿಂಬದಿ

2018ರ ಆಗಸ್ಟ್ ತಿಂಗಳ ಒಂದು ರಾತ್ರಿ, ಮಳೆ ತುಸು ಹೊಳವಾದ ಹೊತ್ತಿನಲ್ಲಿ, ನಮ್ಮ ಎದುರು ಸಾಲಿನ ಟೈಲರ್ ಅಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಎರಡು ದಪ್ಪ ಪುಸ್ತಕಗಳನ್ನು ಅವುಚಿಕೊಂಡು ಮನೆಗೆ ಬಂದರು. ಅವರ ನಿಜವಾದ ಹೆಸರು ಬೇರೆ ಇದೆ, ಆದರೆ ಬೀದಿಯಲ್ಲಿ ಅದನ್ನು ಬಳಸುವವರು ಅಂಚೆಯವರು ಮಾತ್ರ. "ಮೇಷ್ಟ್ರೇ, ವಾರ್ಡಿಗೆ ನಿಲ್ತಾ ಇದೀನಿ. ಬಿ ಫಾರಂ ಯಾರೂ ಕೊಡಲಿಲ್ಲ, ಪಕ್ಷೇತರವಾಗೇ ನಿಲ್ತೀನಿ. ಒಂದು ಪಾಂಪ್ಲೆಟ್ ಬರೆದುಕೊಡಬೇಕು, ನಿಮ್ಮ ಕನ್ನಡ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ," ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಬೀಗಲು ಇಷ್ಟು ಸಾಕು. ಒಂದು ಹಾಳೆಯ ಕರಪತ್ರ, ಒಂದು ಸಂಜೆಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. ಅದು ಮುಗಿಯಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ, ಅಭ್ಯರ್ಥಿಯ ಹಿನ್ನೆಲೆ ಎಂದು ನಾವು ಯಾವುದನ್ನು ಕರೆಯುತ್ತೇವೆ, ಅವರ ಮೌಲ್ಯಗಳು ಎಲ್ಲಿ ಕಾಣಸಿಗುತ್ತವೆ ಎಂಬ ವಿಷಯದಲ್ಲಿ ನನ್ನ ಎಣಿಕೆ ಸಾಕಷ್ಟು ಬದಲಾಗಿತ್ತು.

ನಾನು ಅವರ ಮತದಾರನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ವಾರ್ಡಿನ ಗಡಿ ನಮ್ಮ ಬೀದಿಯ ನಟ್ಟನಡುವೆ ಹಾದುಹೋಗುತ್ತದೆ. ಆ ಸಾಲು ಒಂದು ವಾರ್ಡು, ಈ ಸಾಲು ಇನ್ನೊಂದು. ಒಂದೇ ಚರಂಡಿಯ ಎರಡು ದಡಗಳಿಗೆ ಇಬ್ಬರು ಸದಸ್ಯರಿರುವುದರಿಂದ ಅದರ ಹೂಳು ಎತ್ತಿಸುವುದು ಯಾರ ಪಾಲಿನ ಕೆಲಸ ಎಂಬುದು ನಾನು ಇಲ್ಲಿಗೆ ಬಂದಾಗಿನಿಂದಲೂ ತೀರ್ಮಾನವಾಗಿಲ್ಲ. ನಮ್ಮದು ಮೂವತ್ತೊಂದು ವಾರ್ಡುಗಳ ನಗರಸಭೆ. ಕರ್ನಾಟಕದಲ್ಲಿ ಜನಸಂಖ್ಯೆ 10 ಸಾವಿರ ದಾಟಿದ ಊರಿಗೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ ಎಂಬ ಏಣಿ ಇದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಈ ಸಂಸ್ಥೆಗಳಿಗೆ ಐದು ವರ್ಷದ ಅವಧಿಯನ್ನೂ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳನ್ನೂ ಕೊಟ್ಟಿತು. ಆ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಅದರಲ್ಲಿ ಒಂದು ಇಡೀ ಬದುಕೇ ಕಾಣುತ್ತದೆ. ಜನನದ ನೋಂದಣಿ, ಕುಡಿಯುವ ನೀರು, ಬೀದಿ ದೀಪ, ಉದ್ಯಾನ, ಬಸ್ ನಿಲ್ದಾಣದ ನೆರಳು, ದನದ ದೊಡ್ಡಿ, ಕಸಾಯಿಖಾನೆ, ಕೊನೆಗೆ ಸ್ಮಶಾನ. ಸಂಸತ್ತಿಗೆ ನಿಂತವರಿಗಾಗಿ ನಾವು ಟಿವಿಯ ಮುಂದೆ ತಿಂಗಳುಗಟ್ಟಲೆ ಕೂರುತ್ತೇವೆ. ನಮ್ಮ ಹೆಣ ಸುಡುವ ಜಾಗಕ್ಕೆ ನೀರಿನ ನಲ್ಲಿ ಹಾಕಿಸಬೇಕಾದವರು ಯಾರೆಂದು ಮತಗಟ್ಟೆಯ ಸಾಲಿನಲ್ಲಿ ನಿಂತಾಗ ಪಕ್ಕದವರನ್ನು ಕೇಳುತ್ತೇವೆ.

ಆ ಸಲ ಅವರ ವಾರ್ಡು 'ಹಿಂದುಳಿದ ವರ್ಗ ಎ ಮಹಿಳೆ' ಎಂದು ಮೀಸಲಾಗಿತ್ತು. ಅಧಿಸೂಚನೆ ಹೊರಬೀಳುವ ಮುನ್ನ ಅಲ್ಲಿ ನಾಲ್ವರು ಗಂಡಸರು ಗಣೇಶನ ಪೆಂಡಾಲಿಗೆ ಚಂದಾ ಕೊಟ್ಟು, ಸಾವಿನ ಮನೆಗೆ ಶಾಮಿಯಾನ ಹಾಕಿಸಿ, ಸಾಕಷ್ಟು ಬಂಡವಾಳ ಹೂಡಿಕೊಂಡಿದ್ದರು. ಪಟ್ಟಿ ಬಂದ ಮರುದಿನ ಆ ನಾಲ್ವರಲ್ಲಿ ಇಬ್ಬರ ಹೆಂಡತಿಯರ ಫೋಟೊಗಳು ಫ್ಲೆಕ್ಸಿನಲ್ಲಿ ಪ್ರತ್ಯಕ್ಷವಾದವು. ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಎಂದು ಸಂವಿಧಾನ ಹೇಳಿದರೆ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿದೆ. ಗೆದ್ದ ಮೇಲೆ ಸಭೆಯಲ್ಲಿ ಹೆಂಡತಿ ಕೂತು, ಹೊರಗೆ ಕಾರಿಡಾರಿನಲ್ಲಿ ಗಂಡ ಗುತ್ತಿಗೆದಾರರ ಜೊತೆ ಮಾತಾಡುವ ವ್ಯವಸ್ಥೆಯನ್ನೂ ನಾವು ಅಷ್ಟೇ ವೇಗವಾಗಿ ಕಂಡುಹಿಡಿದುಕೊಂಡಿದ್ದೇವೆ. ಇದನ್ನು ಹೇಳಿ ಮೀಸಲಾತಿಯನ್ನು ಹಳಿಯುವವರ ಸಾಲಿಗೆ ನಾನು ಸೇರುವುದಿಲ್ಲ. ಆ ಅಧಿಸೂಚನೆ ಬರದಿದ್ದರೆ ಟೈಲರ್ ಅಕ್ಕನಿಗೆ ನಿಲ್ಲಬೇಕೆಂಬ ಯೋಚನೆಯೇ ಹೊಳೆಯುತ್ತಿರಲಿಲ್ಲ ಎಂಬುದನ್ನು ಅವರೇ ಹೇಳಿದ್ದಾರೆ.

ಮೊದಲ ಸಂಜೆ ನಾನು ಬರೆದ ಕರಡು ಹೇಗಿತ್ತೆಂದರೆ, ಅದನ್ನು ಯಾವ ಊರಿನ ಯಾವ ವಾರ್ಡಿನ ಯಾರಿಗೆ ಬೇಕಾದರೂ ಅಂಟಿಸಬಹುದಿತ್ತು. 'ಸರಳ ಸಜ್ಜನಿಕೆಯ, ಬಡವರ ಕಣ್ಮಣಿ, ಜನಸೇವೆಯೇ ಜನಾರ್ದನ ಸೇವೆ ಎಂದು ನಂಬಿದ, ವಿದ್ಯಾವಂತ, ಉತ್ಸಾಹಿ...' ಎಂದು ಶುರುವಾಗಿತ್ತು. ಅವರು ಕನ್ನಡಕ ಏರಿಸಿ ಓದಿದರು. ಹೊಲಿಗೆಯ ಚಾಕ್ ಹಿಡಿದು ರೂಢಿಯಾದ ಕೈ, ಪೆನ್ನನ್ನೂ ಹಾಗೆಯೇ ಅಡ್ಡಲಾಗಿ ಹಿಡಿದು 'ವಿದ್ಯಾವಂತ' ಎಂಬ ಪದವನ್ನು ಹೊಡೆದುಹಾಕಿತು. "ಎಸ್ಸೆಸ್ಸೆಲ್ಸಿ ಫೇಲು ಮೇಷ್ಟ್ರೇ, ನಿಮಗೇ ಗೊತ್ತಲ್ಲ." ಆಮೇಲೆ 'ಕಣ್ಮಣಿ' ಹೋಯಿತು, 'ಜನಾರ್ದನ' ಹೋದ. ಕೊನೆಗೆ ಉಳಿದದ್ದು ಅವರ ಹೆಸರು, ವಯಸ್ಸು ಮತ್ತು ಮನೆ ನಂಬರು.

"ಅಲ್ಲಮ್ಮಾ, ಇಷ್ಟನ್ನೇ ಅಚ್ಚು ಹಾಕಿಸಿದರೆ ಯಾರು ಓದ್ತಾರೆ? ನಿನ್ನ ಹಿನ್ನೆಲೆ ಹೇಳಬೇಡವೇ?" ಎಂದೆ.

"ಹಿನ್ನೆಲೆ ಇಲ್ಲಿದೆ," ಎಂದು ಪ್ಲಾಸ್ಟಿಕ್ ಚೀಲ ಬಿಚ್ಚಿದರು.

ಅವು ಅವರ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಮತ್ತು ನಡಾವಳಿ ಪುಸ್ತಕ. ಹನ್ನೊಂದು ವರ್ಷದಿಂದ ಹದಿನೆಂಟು ಹೆಂಗಸರ ವಾರದ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ, ತಡವಾದದ್ದಕ್ಕೆ ದಂಡ ಎಲ್ಲವೂ ಅವರದೇ ದುಂಡನೆಯ ಅಕ್ಷರದಲ್ಲಿ ಇತ್ತು. ಗಣಿತದಲ್ಲಿ ಫೇಲಾದವರು ಪ್ರತಿ ಪುಟದ ಕೆಳಗೆ ಮೊತ್ತ ಕೂಡಿ, ಮುಂದಿನ ಪುಟದ ತಲೆಗೆ ಅದನ್ನು ಒಯ್ದು, ತಪ್ಪಿದ ಕಡೆ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದ್ದರು. ಒಂದು ಪುಟದಲ್ಲಿ ನನ್ನ ಕಣ್ಣು ನಿಂತಿತು. ಅವರ ತಮ್ಮನ ಹೆಂಡತಿಗೆ ಕೊಟ್ಟಿದ್ದ ಸಾಲ ನಾಲ್ಕು ತಿಂಗಳು ತಪ್ಪಿತ್ತು. ನಡಾವಳಿಯಲ್ಲಿ, 'ಕಾರ್ಯದರ್ಶಿಯವರು ಸಂಬಂಧಿಕರೆಂದು ಸುಮ್ಮನಿದ್ದಾರೆ ಎಂದು ಇಬ್ಬರು ಸದಸ್ಯರು ಆಕ್ಷೇಪಿಸಿದರು' ಎಂದು ಕಾರ್ಯದರ್ಶಿಯವರೇ ಬರೆದುಕೊಂಡಿದ್ದರು. ಮುಂದಿನ ವಾರ ದಂಡ ವಸೂಲಾಗಿತ್ತು. ಆ ಹಣವನ್ನು ತಮ್ಮನ ಹೆಂಡತಿ ಕಟ್ಟಿದರೋ ಇವರೇ ಕಟ್ಟಿದರೋ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಆದರೆ ತನ್ನ ಮೇಲಿನ ದೂರನ್ನು ತನ್ನ ಕೈಯಾರೆ ದಾಖಲಿಸಿ ಎಂಟು ವರ್ಷ ಜೋಪಾನ ಮಾಡಿಟ್ಟಿದ್ದ ಆ ಸಾಲು, ನಾನು ಬರೆಯಬಹುದಾಗಿದ್ದ ಎಲ್ಲ ವಿಶೇಷಣಗಳಿಗಿಂತ ತೂಕದ್ದಾಗಿತ್ತು.

ಸ್ಥಳೀಯ ಸಂಸ್ಥೆಗೆ ನಿಲ್ಲುವವರಿಗೆ ಓದು ಎಷ್ಟಿರಬೇಕು ಎಂಬ ಚರ್ಚೆ ಆಗಾಗ ಏಳುತ್ತದೆ. ರಾಜಸ್ಥಾನ ಇಂತಿಷ್ಟು ತರಗತಿ ಓದಿರಲೇಬೇಕು ಎಂಬ ನಿಯಮ ತಂದು 2019ರಲ್ಲಿ ಕೈಬಿಟ್ಟಿತು. ಹರಿಯಾಣದ ಪಂಚಾಯಿತಿಗಳ ಅಂಥದೇ ನಿಯಮವನ್ನು 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೇಷ್ಟ್ರಾಗಿದ್ದವನಿಗೆ ಈ ನಿಯಮ ಹಿತವೆನಿಸಬೇಕಿತ್ತು. ಆದರೆ ನಮ್ಮ ನಗರಸಭೆಯಲ್ಲಿ ಎಂ.ಎ. ಆದ ಸದಸ್ಯರೊಬ್ಬರು ಬಜೆಟ್ ಪುಸ್ತಕವನ್ನು ಫ್ಯಾನಿನಂತೆ ಬೀಸಿಕೊಳ್ಳುತ್ತಾ ಕೂತಿದ್ದನ್ನು ಪ್ರೇಕ್ಷಕರ ಬೆಂಚಿನಿಂದ ಕಣ್ಣಾರೆ ನೋಡಿದ್ದೇನೆ.

ಹಿನ್ನೆಲೆಗೆ ಇಷ್ಟು ಮಹತ್ವ ಏಕೆ ಕೊಡಬೇಕು, ಭರವಸೆಗಳನ್ನು ನೋಡಿ ಮತ ಹಾಕಿ ಐದು ವರ್ಷದ ನಂತರ ಲೆಕ್ಕ ಕೇಳಿದರಾಯಿತಲ್ಲವೇ ಎಂದು ಕೇಳಬಹುದು. ವಿಧಾನಸಭೆಯ ಮಟ್ಟದಲ್ಲಿ ಅದು ಸ್ವಲ್ಪಮಟ್ಟಿಗೆ ನಡೆದೀತು. ವಾರ್ಡಿನ ಮಟ್ಟದಲ್ಲಿ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಮೀಸಲಾತಿ ವಾರ್ಡಿನಿಂದ ವಾರ್ಡಿಗೆ ಸುತ್ತುತ್ತದೆ. ಈ ಸಲ ಮಹಿಳೆಗೆ ಮೀಸಲಾದದ್ದು ಮುಂದಿನ ಸಲ ಸಾಮಾನ್ಯವಾಗಬಹುದು, ಪರಿಶಿಷ್ಟ ಜಾತಿಗೆ ಹೋಗಬಹುದು. ಗೆದ್ದವರು ಅದೇ ಮತದಾರರ ಮುಂದೆ ಮತ್ತೆ ಕೈಮುಗಿದು ನಿಲ್ಲುವ ಸಂದರ್ಭವೇ ಬರದೆ ಹೋಗಬಹುದು. ಹಂಚಿಕೆಯ ನ್ಯಾಯಕ್ಕೆ ಈ ಸರದಿ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬೆಲೆ ಏನೆಂದರೆ, ಮಾತು ತಪ್ಪಿದವರನ್ನು ಸೋಲಿಸುವ ಅವಕಾಶ ಮತದಾರನ ಕೈತಪ್ಪುತ್ತದೆ. ಆದ್ದರಿಂದ ವಾರ್ಡಿನ ಅಭ್ಯರ್ಥಿಯನ್ನು ಅಳೆಯಲು ಉಳಿಯುವ ಗಟ್ಟಿ ಸಾಕ್ಷ್ಯ ಒಂದೇ: ಕೈಯಲ್ಲಿ ಯಾವ ಅಧಿಕಾರವೂ ಇಲ್ಲದಿದ್ದಾಗ ಆ ಮನುಷ್ಯ ಏನು ಮಾಡಿಕೊಂಡಿದ್ದ, ಪರರ ದುಡ್ಡನ್ನು ಹೇಗೆ ನೋಡಿಕೊಂಡ, ಯಾರ ಅರ್ಜಿಯನ್ನು ಹಿಡಿದು ಯಾವ ಕಚೇರಿಯ ಮುಂದೆ ಎಷ್ಟು ಹೊತ್ತು ಕಾದ.

ಈ ಹಿನ್ನೆಲೆಯ ಒಂದು ಭಾಗವನ್ನು ಕಾನೂನೇ ಕೇಳುತ್ತದೆ. ಅಭ್ಯರ್ಥಿಯ ಮೇಲಿರುವ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ಓದು ಇವುಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿ, 2003ರಲ್ಲಿ ಮತ್ತೆ ದೃಢಪಡಿಸಿತು. ನಗರಸಭೆಗೆ ನಾಮಪತ್ರ ಹಾಕುವವರೂ ಅಂಥ ಪ್ರಮಾಣಪತ್ರವನ್ನು ನೋಟರಿ ಮುಂದೆ ಸಹಿ ಮಾಡಿ ಕೊಡಬೇಕು. ಟೈಲರ್ ಅಕ್ಕನದನ್ನು ತುಂಬಿದ್ದು ನಮ್ಮ ಊಟದ ಮೇಜಿನ ಮೇಲೆ. ಎರಡು ಹೊಲಿಗೆ ಯಂತ್ರ, ಒಂದು ಓವರ್‌ಲಾಕ್ ಯಂತ್ರ, ಗಂಡನ ಹೆಸರಿನ ಹಳೆಯ ಟಿವಿಎಸ್ ಗಾಡಿ, ಸಹಕಾರಿ ಬ್ಯಾಂಕಿನ ಸಾಲ. ಚಿನ್ನದ ಕಾಲಮ್ಮಿಗೆ ಬಂದಾಗ ಅವರು ಪೆನ್ನು ಕೆಳಗಿಟ್ಟರು. ಹದಿನೆಂಟು ಗ್ರಾಮ್ ಇತ್ತು, ಆದರೆ ಗಿರವಿ ಅಂಗಡಿಯಲ್ಲಿತ್ತು. ಅದು ಆಸ್ತಿಯೋ ಸಾಲವೋ? "ಮನೇಲಿಲ್ಲದ್ದನ್ನ ಇದೆ ಅಂತ ಹೆಂಗೆ ಬರೀಲಿ?" ಎಂಬುದು ಅವರ ತಕರಾರು. ಗ್ರಾಮು ಆಸ್ತಿಯ ಕಡೆ, ಗಿರವಿಯ ಮೊತ್ತ ಸಾಲದ ಕಡೆ ಎಂದು ಪರಿಚಯದ ವಕೀಲರೊಬ್ಬರು ಫೋನಿನಲ್ಲಿ ಹೇಳಿದ ಮೇಲೆ ಎರಡೂ ಕಡೆ ಬರೆದೆವು. ಗಿರವಿ ಇಟ್ಟ ವಿಷಯ ಗಂಡನ ಮನೆಯವರಿಗೆ ಗೊತ್ತಿರಲಿಲ್ಲ. ಪ್ರಮಾಣಪತ್ರವನ್ನು ನೋಟಿಸ್ ಬೋರ್ಡಿಗೆ ಹಾಕುತ್ತಾರಂತೆ ಎಂದು ತಿಳಿದಾಗ ಅವರ ಮುಖ ಸ್ವಲ್ಪ ಬಾಡಿತು, ಆದರೂ ಹೊಡೆದುಹಾಕಲಿಲ್ಲ.

ಆ ಹಾಳೆ ಬರೀ ಶಾಸ್ತ್ರಕ್ಕೆ ಎಂದು ನಾನು ಆಗ ತಿಳಿದಿದ್ದೆ. ಅದೇ 2018ರ ಚುನಾವಣೆಯಲ್ಲಿ ಮೈಸೂರು ಮಹಾನಗರ ಪಾಲಿಕೆಗೆ ಗೆದ್ದು, ಆಮೇಲೆ ಮೇಯರ್ ಕೂಡ ಆದವರೊಬ್ಬರು ತಮ್ಮ ಗಂಡನ ಆಸ್ತಿಯ ವಿವರವನ್ನು ಸರಿಯಾಗಿ ಕೊಟ್ಟಿರಲಿಲ್ಲ. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. ಪಾಲಿಕೆಯ ಕಾಯ್ದೆಯಲ್ಲಿ ಇಂಥ ವಿವರ ಕೊಡಬೇಕೆಂಬ ನಿಯಮವೇ ಇಲ್ಲ ಎಂಬ ವಾದವೂ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸ್ಥಳೀಯ ಚುನಾವಣೆಯಲ್ಲಿಯೂ ವಿವರ ಕೇಳುವ ಅಧಿಕಾರ ರಾಜ್ಯ ಚುನಾವಣಾ ಆಯೋಗಕ್ಕೆ ಸಂವಿಧಾನದಿಂದಲೇ ಬಂದಿದೆ, ಸುಳ್ಳು ವಿವರ ಕೊಡುವುದು ಭ್ರಷ್ಟಾಚಾರಕ್ಕೆ ಸಮ ಎಂದು ಹೇಳಿ, ಆಯ್ಕೆ ರದ್ದಾದದ್ದನ್ನು ಎತ್ತಿಹಿಡಿಯಿತು. ಅಂದು ಪತ್ರಿಕೆಯಲ್ಲಿ ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ಊಟದ ಮೇಜಿನ ಮೇಲಿನ ಹದಿನೆಂಟು ಗ್ರಾಮ್.

ಆದರೆ ಪ್ರಮಾಣಪತ್ರ ಹೇಳದೇ ಇರುವುದೂ ಬಹಳ. ನಗರಸಭೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇರುವವರು ಸದಸ್ಯರಾಗಲು ಅನರ್ಹರು ಎಂದು 1964ರ ಪುರಸಭೆಗಳ ಕಾಯ್ದೆ ಹೇಳುತ್ತದೆ. ಆ 'ಪರೋಕ್ಷ' ಎಂಬ ಪದದೊಳಗೆ ಎಷ್ಟು ಭಾಮೈದಂದಿರು, ಎಷ್ಟು ಬೇನಾಮಿ ಲೈಸೆನ್ಸುಗಳು ಅಡಗಿ ಕೂತಿರುತ್ತವೆ ಎಂಬುದು ಊರಿನ ಟೀ ಅಂಗಡಿಗಳಿಗೆ ಗೊತ್ತಿರುತ್ತದೆ, ದಾಖಲೆಗಳಿಗೆ ಗೊತ್ತಿರುವುದಿಲ್ಲ. ಸಿಸಿ ರಸ್ತೆ ಮಾಡಿದ ಆರು ತಿಂಗಳಿಗೆ ಅದನ್ನು ಅಗೆದು ಒಳಚರಂಡಿಯ (ಯುಜಿಡಿ) ಪೈಪು ಹಾಕಿ, ಮತ್ತೆ ಅದೇ ರಸ್ತೆಗೆ ಅಂದಾಜುಪಟ್ಟಿ ಮಾಡುವುದನ್ನು ನಾವು ದಡ್ಡತನ ಎಂದು ನಗುತ್ತೇವೆ. ಅದರಲ್ಲಿ ದಡ್ಡತನ ಇರುವುದು ನಗುವವರ ಪಾಲಿಗೆ ಮಾತ್ರ.

ಇನ್ನು ಮೌಲ್ಯಗಳ ಮಾತು. ಕರಪತ್ರದಲ್ಲಿ 'ಪಾರದರ್ಶಕತೆ, ಸಮಾನತೆ' ಎಂದು ಎರಡು ಪದ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಪೌರಸಂಸ್ಥೆಯಲ್ಲಿ ಮೌಲ್ಯ ಎಂಬುದು ಠರಾವಿನ ರೂಪದಲ್ಲಿರುತ್ತದೆ, ಆ ಠರಾವನ್ನು ನಡೆಸುವ ಧೈರ್ಯದಲ್ಲಿರುತ್ತದೆ ಎಂಬುದಕ್ಕೆ ಈ ದೇಶದಲ್ಲಿ ಮಹಾಡ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಮಹಾರಾಷ್ಟ್ರದ ಆ ಪುಟ್ಟ ಊರಿನ ಪುರಸಭೆ 1924ರಲ್ಲಿಯೇ ಚವದಾರ್ ಕೆರೆಯನ್ನು ಅಸ್ಪೃಶ್ಯರಿಗೂ ಮುಕ್ತಗೊಳಿಸುವ ಠರಾವು ಮಾಡಿತ್ತು. ಕಾಗದದ ಮೇಲೆ ಕೆರೆ ಎಲ್ಲರದಾಗಿತ್ತು, ಆದರೆ ಯಾರೂ ನೀರು ಮುಟ್ಟಲಾಗುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರನ್ನು ಕುಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನು ತಾನೇ ಹಿಂತೆಗೆದುಕೊಂಡಿತು. ಬೊಂಬಾಯಿ ಹೈಕೋರ್ಟಿನಲ್ಲಿ ಹಕ್ಕು ಸ್ಥಿರವಾಗಲು 1937ರವರೆಗೆ ಕಾಯಬೇಕಾಯಿತು. ಠರಾವಿಗೆ ಕೈಯೆತ್ತಿದ ಸದಸ್ಯರ ಮೌಲ್ಯ ಯಾವುದು, ಮೂರು ವರ್ಷದ ನಂತರ ಅದನ್ನು ರದ್ದು ಮಾಡಲು ಕೈಯೆತ್ತಿದವರ ಮೌಲ್ಯ ಯಾವುದು ಎಂದು ಯೋಚಿಸಿದಾಗ, ವಾರ್ಡ್ ಸದಸ್ಯನ ಒಂದು ಕೈಯ ಭಾರ ಎಷ್ಟೆಂದು ಗೊತ್ತಾಗುತ್ತದೆ. ನಮ್ಮಲ್ಲಿಯೂ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸುವ ಆದೇಶ ಬಂದದ್ದು 1970ರ ದಶಕದ ಆರಂಭದಲ್ಲಿ, ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರಿಂದ. ಪೌರಾಡಳಿತ ಖಾತೆಯನ್ನು ಚರಂಡಿ ಖಾತೆ ಎಂದು ಹಗುರವಾಗಿ ಮಾತಾಡುವವರು ಇದನ್ನು ಮರೆಯುತ್ತಾರೆ.

ಇದನ್ನೆಲ್ಲ ನಾನು ಟೈಲರ್ ಅಕ್ಕನಿಗೆ ಪಾಠದಂತೆ ಒಪ್ಪಿಸಿದೆ. ಅವರು ಬ್ಲೌಸಿಗೆ ಹುಕ್ಸ್ ಹಚ್ಚುತ್ತಾ ಕೇಳಿಸಿಕೊಂಡು, "ಹಂಗಾದ್ರೆ ಹಿಂದಿನ ಕಾಲೋನಿ ಚರಂಡಿ ವಿಷಯ ಹಾಕೋಣ," ಎಂದರು.

ಹಿಂದಿನ ಕಾಲೋನಿ ಎಂದರೆ ಪೌರಕಾರ್ಮಿಕರ ಮನೆಗಳಿರುವ ಸಾಲು. ಅವರ ವಾರ್ಡಿನ ಇಳಿಜಾರು ಆ ಕಡೆಗಿದೆ. ಮುಂದಿನ ಬೀದಿಗಳ ಚರಂಡಿಯನ್ನು ಕಾಂಕ್ರೀಟ್ ಮಾಡಿ ಚೊಕ್ಕಟಗೊಳಿಸಿದಷ್ಟೂ ನೀರು ಜೋರಾಗಿ ಹರಿದು ಆ ಸಾಲಿನ ಹೊಸ್ತಿಲಿಗೆ ನುಗ್ಗುತ್ತಿತ್ತು. ಬೆಳಗಿನ ಜಾವ ನಮ್ಮ ಬೀದಿ ಗುಡಿಸುವವರು ಸಂಜೆ ಮನೆಗೆ ಹೋಗಿ ನಮ್ಮ ಬಚ್ಚಲ ನೀರನ್ನು ತಮ್ಮ ಅಂಗಳದಿಂದ ಗುಡಿಸುತ್ತಿದ್ದರು. ಮುಂದಿನ ಬೀದಿಯಲ್ಲಿ ಮತ ಹೆಚ್ಚು, ಕಾಲೋನಿಯಲ್ಲಿ ಕಡಿಮೆ. 'ಗೆದ್ದರೆ ಮೊದಲ ವರ್ಷ ಕಾಲೋನಿಯ ಚರಂಡಿ, ಎರಡನೇ ವರ್ಷ ಮುಂದಿನ ಬೀದಿಯ ಡಾಂಬರು' ಎಂದು ಬರೆಯಿರಿ ಎಂದರು. ಬೇಡಮ್ಮಾ, ಮತ ಹೋಗುತ್ತದೆ, ಎರಡನ್ನೂ ಒಟ್ಟಿಗೆ ಮಾಡಿಸುತ್ತೇನೆ ಎಂದು ಬರೆಯೋಣ ಎಂದವನು ನಾನು. ಸಮಾನತೆ ಎಂಬ ಪದಕ್ಕಾಗಿ ಹಟ ಹಿಡಿದಿದ್ದವನೂ ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. "ಎರಡಕ್ಕೂ ದುಡ್ಡಿರಲ್ಲ ಮೇಷ್ಟ್ರೇ. ಬಟ್ಟೆ ಒಂದೂವರೆ ಮೀಟರ್ ಇದ್ರೆ ಎರಡು ಲಂಗ ಹೊಲಿತೀನಿ ಅಂತ ಯಾರಿಗೂ ಹೇಳಲ್ಲ ನಾನು," ಎಂದರು.

ದುಡ್ಡಿನ ಲೆಕ್ಕವನ್ನು ಅವರು ಆಗಲೇ ತೆಗೆಸಿದ್ದರು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಪುಟಕ್ಕೆ 2 ರೂಪಾಯಿಯಂತೆ ತೆತ್ತು, ಹಿಂದಿನ ಮೂರು ವರ್ಷಗಳಲ್ಲಿ ವಾರ್ಡಿಗೆ ಮಂಜೂರಾದ ಕಾಮಗಾರಿಗಳ ಪಟ್ಟಿ ತಂದಿಟ್ಟುಕೊಂಡಿದ್ದರು. (ನಮ್ಮ ರಾಜ್ಯದಲ್ಲಿ ಅರ್ಜಿ 150 ಪದಕ್ಕೆ ಮೀರಬಾರದು ಎಂಬ ನಿಯಮವಿದೆ. ಅವರದು ಐವತ್ತು ಪದಕ್ಕೆ ಮುಗಿದಿತ್ತು. ವಿಶೇಷಣ ಹೊಡೆದುಹಾಕುವ ಅಭ್ಯಾಸ ಎಲ್ಲಿಂದ ಬಂತೆಂದು ಆಗ ತಿಳಿಯಿತು.) ನಗರಸಭೆಗಳಲ್ಲಿ ಶೇ 24.10ರಷ್ಟು ಹಣವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ, ಶೇ 7.25ರಷ್ಟನ್ನು ಇತರ ಬಡವರಿಗಾಗಿ, ಈಗ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿರಿಸಿ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಶೇ 24.10ರ ಬಾಬ್ತಿನಲ್ಲಿ ತೋರಿಸಿದ್ದ ಒಂದು ಚರಂಡಿ ಕಾಲೋನಿಯಲ್ಲಿ ಎಲ್ಲೂ ಇರಲಿಲ್ಲ. ಅದು ಮುಂದಿನ ಬೀದಿಯಲ್ಲಿತ್ತು, ನಾವೆಲ್ಲ ಅದರ ಚಪ್ಪಡಿಯ ಮೇಲೆ ಸ್ಕೂಟರ್ ನಿಲ್ಲಿಸುತ್ತಿದ್ದೆವು. ಪೌರಕಾರ್ಮಿಕರ ನೇಮಕಕ್ಕೆ 700 ಜನರಿಗೆ ಒಬ್ಬರು ಎಂಬುದು ರಾಜ್ಯದ ಮಾನದಂಡ. ಆ ಪ್ರಕಾರ ವಾರ್ಡಿಗೆ ನಾಲ್ವರು ಬರಬೇಕು, ಬರುತ್ತಿದ್ದವರು ಇಬ್ಬರು. ಇದನ್ನು ಅವರು ಪಟ್ಟಿ ನೋಡಿ ತಿಳಿದದ್ದಲ್ಲ. ಐದೂವರೆಗೆ ಎದ್ದು ಅಂಗಡಿಯ ಬಾಗಿಲು ತೆಗೆಯುವವರಾದ್ದರಿಂದ ಎಣಿಸಿ ತಿಳಿದಿದ್ದರು.

ಅಭ್ಯರ್ಥಿಯನ್ನು ಅಳೆಯಲು ನನಗೆ ಆ ಒಂಬತ್ತು ದಿನಗಳಲ್ಲಿ ಸಿಕ್ಕ ಇನ್ನೊಂದು ಗುರುತು, 'ಅದು ನನ್ನ ಕೈಯಲ್ಲಿಲ್ಲ' ಎಂದು ಹೇಳುವ ಸಾಮರ್ಥ್ಯ. ಮನೆಮನೆಗೆ ಹೋದಾಗ ಜನ ಕೇಳುತ್ತಿದ್ದದ್ದು ರೇಷನ್ ಕಾರ್ಡು, ಕರೆಂಟು, ಮಗನಿಗೆ ಕೆಲಸ. ಇವು ಯಾವುವೂ ವಾರ್ಡ್ ಸದಸ್ಯರ ವ್ಯಾಪ್ತಿಯವಲ್ಲ. ದೊಡ್ಡ ನೀರಿನ ಯೋಜನೆಗಳನ್ನು ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಟೆಂಡರು, ಬಿಲ್ಲು, ಸಿಬ್ಬಂದಿ ಎಲ್ಲವೂ ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರ ಸಹಿಯಲ್ಲಿ ನಡೆಯುತ್ತವೆ. ಅಧ್ಯಕ್ಷರನ್ನು ಆರಿಸುವಾಗ ಶಾಸಕರಿಗೂ ಸಂಸದರಿಗೂ ಮತವಿರುತ್ತದೆ. ಸದಸ್ಯರಿಗೆ ನಿಜವಾಗಿ ಇರುವುದು ಸಾಮಾನ್ಯ ಸಭೆಯಲ್ಲಿ ಒಂದು ಧ್ವನಿ, ಒಂದು ಮತ, ಬಜೆಟ್ಟಿನ ಮೇಲೆ ಪ್ರಶ್ನೆ ಕೇಳುವ ಹಕ್ಕು ಮತ್ತು ಬೆಳಗ್ಗೆ ಫೋನ್ ಎತ್ತಬೇಕಾದ ಕರ್ಮ. ಉಳಿದ ಇಬ್ಬರು ಅಭ್ಯರ್ಥಿಗಳು, ಸರಿಯಾಗಿ ಹೇಳಬೇಕೆಂದರೆ ಅವರ ಗಂಡಂದಿರು, ಕೇಳಿದ್ದಕ್ಕೆಲ್ಲ 'ಆಯ್ತು, ಮಾಡಿಸೋಣ' ಎನ್ನುತ್ತಿದ್ದರು. ಇವರು, "ಕಾರ್ಡು ತಾಲ್ಲೂಕು ಆಫೀಸು, ನನ್ನ ಕೈಲಿಲ್ಲ. ಫಾರಂ ತುಂಬಿಕೊಡ್ತೀನಿ, ಜೊತೆಗೆ ಬರ್ತೀನಿ," ಎನ್ನುತ್ತಿದ್ದರು. ಮೊದಲನೆಯ ಉತ್ತರಕ್ಕೆ ಮತ ಬೀಳುತ್ತದೆ ಎಂಬುದು ಅವರ ಜೊತೆ ನಡೆದು ಕಾಲು ನೋಯಿಸಿಕೊಂಡ ನನಗೆ ಎರಡನೇ ದಿನವೇ ಗೊತ್ತಾಗಿತ್ತು.

ಅವರಲ್ಲಿ ಕೊರತೆಯೇ ಇರಲಿಲ್ಲ ಎಂದು ನಾನು ಬರೆದರೆ ಅದೂ ಹೊಡೆದುಹಾಕಬೇಕಾದ ಸಾಲೇ ಆದೀತು. ಸಿಟ್ಟು ಬೇಗ ಬರುತ್ತಿತ್ತು. ಒಬ್ಬ ಮುದುಕಿ ಕಸವನ್ನು ಚರಂಡಿಗೆ ಸುರಿಯುವಾಗ ಪ್ರಚಾರಕ್ಕೆ ಬಂದವರು ಎಂಬುದನ್ನೂ ಮರೆತು ಜಗಳಕ್ಕೆ ನಿಂತರು. ತಮ್ಮ ಬಳಿ ಹೊಲಿಸದೆ ರೆಡಿಮೇಡ್ ಅಂಗಡಿಗೆ ಹೋಗುವ ಮನೆಗಳ ಬಗ್ಗೆ ಒಂದು ಅಸಮಾಧಾನ ಇತ್ತು, ಅಂಥ ಮನೆಗಳ ಮುಂದೆ ನಡಿಗೆ ಚುರುಕಾಗುತ್ತಿತ್ತು. ಮೂವತ್ತು ಜನ ಇನ್ನೊಂದು ಪಕ್ಷದವರ ನಡುವೆ ಒಬ್ಬರೇ ಪಕ್ಷೇತರರಾಗಿ ಕೂತು ಕೆಲಸ ಮಾಡಿಸಿಕೊಳ್ಳಲು ಬೇಕಾದ ಹೊಂದಾಣಿಕೆ ಅವರಿಗೆ ಸಾಧ್ಯವಾಗುತ್ತಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ. ಸಜ್ಜನಿಕೆ ಒಂದರಿಂದಲೇ ಪೌರಸಂಸ್ಥೆ ನಡೆಯುವುದಿಲ್ಲ. 1917ರಲ್ಲಿ ಅಹಮದಾಬಾದ್ ಪುರಸಭೆಗೆ ಆಯ್ಕೆಯಾಗಿ ಮುಂದೆ 1924ರಲ್ಲಿ ಅದರ ಅಧ್ಯಕ್ಷರಾದ ವಲ್ಲಭಭಾಯಿ ಪಟೇಲರೂ, 1917ರಿಂದ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿಯವರೂ ಅಧಿಕಾರಿಗಳೊಂದಿಗೆ ಗುದ್ದಾಡುವುದನ್ನೂ ರಾಜಿಯಾಗುವುದನ್ನೂ ಅಲ್ಲಿಯೇ ಕಲಿತಿರಬೇಕು. ನಮ್ಮ ಕಡೆ ಶಿಕಾರಿಪುರ ಪುರಸಭೆಯಿಂದ ಹೊರಟವರು ಮುಖ್ಯಮಂತ್ರಿಯಾದದ್ದನ್ನು ನಾವೇ ನೋಡಿದ್ದೇವೆ. ಅದು ಕಲಿಯುವ ವಿದ್ಯೆ, ಆದರೆ ಕಲಿಯಲು ಮೊದಲು ಒಳಗೆ ಕೂರಲು ಒಂದು ಕುರ್ಚಿ ಸಿಗಬೇಕು.

ಕರಪತ್ರ ಕೊನೆಗೆ ಹೀಗೆ ಅಚ್ಚಾಯಿತು. ಮುಂಬದಿಯಲ್ಲಿ ಮೇಲೆ ಅವರ ಫೋಟೊ, ಚಿಹ್ನೆ, ಹೆಸರು, ವಯಸ್ಸು, ಕಸುಬು, 'ಓದು: ಎಸ್ಸೆಸ್ಸೆಲ್ಸಿ ಅನುತ್ತೀರ್ಣ'. ಅದರ ಕೆಳಗೆ ಹನ್ನೊಂದು ವರ್ಷದ ಸಂಘದ ಲೆಕ್ಕ, ಬೇಕಾದವರು ಅಂಗಡಿಗೆ ಬಂದು ಪುಸ್ತಕ ನೋಡಬಹುದು ಎಂಬ ಸಾಲು, ಮೊದಲ ವರ್ಷ ಕಾಲೋನಿ ಚರಂಡಿ ಎಂಬ ಸಾಲು. ಹಿಂಬದಿ ಖಾಲಿ ಬಿಡುವುದು ಬೇಡ, ದುಡ್ಡು ಕೊಟ್ಟ ಕಾಗದ ಎಂದರು. ಅಲ್ಲಿ ಕಾಮಗಾರಿಗಳ ಪಟ್ಟಿ ಹಾಕಿದೆವು, ಉಳಿದ ನಾಲ್ಕು ಬೆರಳು ಜಾಗದಲ್ಲಿ ನೀರು ಬಿಡುವ ವಾಲ್ವ್‌ಮನ್, ಬೀದಿ ದೀಪದವರು, ಆರೋಗ್ಯ ನಿರೀಕ್ಷಕರು, ಕರೆಂಟಿನ ದೂರು ಕೇಂದ್ರ ಇವರ ಫೋನ್ ನಂಬರುಗಳು. ಪ್ರೆಸ್ಸಿನವನು ನಿಯಮದಂತೆ ತನ್ನ ಹೆಸರನ್ನೂ ಪ್ರತಿಗಳ ಸಂಖ್ಯೆಯನ್ನೂ ಬುಡದಲ್ಲಿ ಸೇರಿಸಿ, 'ಸಾರ್, ಇದು ಎಲೆಕ್ಷನ್ ಪಾಂಪ್ಲೆಟ್ಟಾ, ಡೈರೆಕ್ಟರಿನಾ?' ಎಂದು ಕೇಳಿದ.

ಆಗಸ್ಟ್ 31ರಂದು ಮತದಾನವಾಗಿ ಸೆಪ್ಟೆಂಬರ್ 3ರಂದು ಎಣಿಕೆ ನಡೆಯಿತು. ಅವರು 63 ಮತಗಳಿಂದ ಸೋತರು. ಗೆದ್ದವರ ಗಂಡ ಜೀಪಿನ ಮೇಲೆ ನಿಂತು ಮೆರವಣಿಗೆಯಲ್ಲಿ ಹೋದರು, ಗೆದ್ದವರು ಒಳಗೆ ಕೂತಿದ್ದರು. ಆಮೇಲೆ ನಡೆದದ್ದು ರಾಜ್ಯಕ್ಕೆಲ್ಲ ಗೊತ್ತಿರುವ ಕಥೆ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಗಿ, ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷರ ಆಯ್ಕೆಗೆ 2020ರ ಕೊನೆಯವರೆಗೂ ಕಾಯಬೇಕಾಯಿತು. ಗೆದ್ದವರು ಎರಡು ವರ್ಷ ಆಯ್ಕೆಯ ಪ್ರಮಾಣಪತ್ರ ಹಿಡಿದು ಮನೆಯಲ್ಲಿ ಕೂತರು, ಆಡಳಿತಾಧಿಕಾರಿಗಳು ಊರು ನಡೆಸಿದರು. ದೊಡ್ಡ ಊರುಗಳ ಪಾಡು ಇದಕ್ಕಿಂತ ಕಡೆ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಐದು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ವಾರ್ಡ್ ಸದಸ್ಯನೂ ಇಲ್ಲದೆ ಆ ಮಹಾನಗರ ನಡೆಯಿತು.

ಆ ಎರಡು ವರ್ಷ ಟೈಲರ್ ಅಕ್ಕ ಮೊದಲಿನಂತೆಯೇ ಫಾರಂ ತುಂಬಿಕೊಡುತ್ತಾ, ಐದೂವರೆಗೆ ಬಾಗಿಲು ತೆಗೆಯುತ್ತಾ ಇದ್ದರು. ಸೋಲಿನ ಬಗ್ಗೆ ಮಾತಾಡಿದ್ದು ಒಂದೇ ಸಲ, ಅದೂ ಗಿರವಿಯ ಚಿನ್ನದ ವಿಷಯ ಗಂಡನ ಮನೆಯವರಿಗೆ ಗೊತ್ತಾಗಿ ರಂಪವಾದ ದಿನ. "ಗೆದ್ದಿದ್ರೆ ಇದನ್ನ ಯಾರೂ ಕೇಳ್ತಿರಲಿಲ್ಲ," ಎಂದು ನಕ್ಕರು.

ಕಳೆದ ಬೇಸಿಗೆಯಲ್ಲಿ, ನೀರು ಎಂಟು ದಿನಕ್ಕೊಮ್ಮೆ ಬರುತ್ತಿದ್ದಾಗ, ಎದುರು ಪಕ್ಷಕ್ಕೆ ಮನೆಮಂದಿಯೆಲ್ಲ ಮತ ಹಾಕಿದ್ದ, ಪ್ರಚಾರಕ್ಕೆ ಹೋದಾಗ ನಮಗೆ ಗೇಟನ್ನೂ ತೆಗೆಯದಿದ್ದ ಒಂದು ಮನೆಗೆ ಮದುವೆಯ ಕರೆಯೋಲೆ ಕೊಡಲು ಹೋಗಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ನಮ್ಮ ಕರಪತ್ರವನ್ನು ಸೆಲ್ಲೋಟೇಪಿನಿಂದ ಅಂಟಿಸಿದ್ದರು, ಹಿಂಬದಿ ಮೇಲಾಗಿ. ಕಾಮಗಾರಿಗಳ ಪಟ್ಟಿಯನ್ನು ಕತ್ತರಿಯಿಂದ ಸರಿಯಾಗಿ ಕತ್ತರಿಸಿ ತೆಗೆದು, ಫೋನ್ ನಂಬರಿನ ನಾಲ್ಕು ಬೆರಳು ಜಾಗವನ್ನಷ್ಟೇ ಉಳಿಸಿಕೊಂಡಿದ್ದರು. ವಾಲ್ವ್‌ಮನ್ ಬದಲಾಗಿದ್ದನೆಂದು ಕಾಣುತ್ತದೆ. ಹಳೆಯ ನಂಬರು ಹೊಡೆದು, ಹೊಸದನ್ನು ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದರು.